ಹನಿ ಹಾಕುವ ಮುಂಚೆ ಕಣ್ಣು ನೋಡು

ಮಗಳೇ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಕೊಟ್ಟಿಗೆ ಕಟ್ಟಿದ್ದೀಯ. ನಾಲ್ಕು ಸೀಮೆಹಸು, ಒಂದಷ್ಟು ಮೇಕೆ, ಬಾಗಿಲಲ್ಲಿ ನಾಯಿ, ಹಿತ್ತಲಲ್ಲಿ ನಾಟಿಕೋಳಿ. ಹಾಲಿನ ಡಿಗ್ರಿ, ಹಿಂಡಿಯ ಲೆಕ್ಕ, ಸಬ್ಸಿಡಿ ಅರ್ಜಿ ಇವನ್ನೆಲ್ಲ ಹೇಳಿಕೊಡುವವರು ಡೇರಿಯ ಹತ್ತಿರವೇ ಸಿಗುತ್ತಾರೆ. ಪಶುವೈದ್ಯನಾಗಿ ತಲೆ ನರೆಸಿಕೊಂಡ ಈ ದೊಡ್ಡಪ್ಪ ನಿನಗೆ ಹೇಳಬೇಕೆಂದಿರುವುದು ಒಂದೇ ಮಾತು. ಮೂಕಪ್ರಾಣಿಯ ಕಣ್ಣು ಕೆಂಪಾದರೆ ಮೊದಲು ಕಾರಣ ಹುಡುಕು, ಆಮೇಲೆ ಔಷಧಿ ಹುಡುಕು.

ಕೆಂಪು, ನೀರು, ಗೀಜು, ಊತ. ಕಣ್ಣು ತನ್ನ ಕಷ್ಟ ತೋಡಿಕೊಳ್ಳುವುದು ಇಷ್ಟರಲ್ಲೇ. ನೊಣ ತಂದು ಬಿಟ್ಟ ಬ್ಯಾಕ್ಟೀರಿಯಾ ಇರಲಿ, ರೆಪ್ಪೆಯಡಿ ಸಿಕ್ಕ ಹುಲ್ಲಿನ ಸಿವುರಿರಲಿ, ಉಣ್ಣೆಯಿಂದ ಬಂದ ರಕ್ತದ ಜ್ವರವಿರಲಿ, ಒಳಗೆ ಈಜಾಡುವ ಹುಳುವಿರಲಿ, ಹೊರಗೆ ಕಾಣುವುದು ಅದೇ ಕೆಂಪು, ಅದೇ ನೀರು. ಔಷಧಿ ಮಾತ್ರ ಒಂದೊಂದಕ್ಕೂ ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವುದೂ ಉಂಟು.

ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ದೂರ ನಿಲ್ಲು. ಹತ್ತಿರ ಹೋದರೆ ಹಸು ಬೆದರಿ ತಲೆ ಎತ್ತುತ್ತದೆ, ನೋವಿದ್ದರೂ ಕಣ್ಣು ಬಿಡುತ್ತದೆ. ದೂರದಿಂದ ನೋಡಿದರೆ ನಿಜ ಕಾಣುತ್ತದೆ. ನೀರು ಸುರಿಯುವುದು ಒಂದು ಕಣ್ಣಲ್ಲೋ, ಎರಡರಲ್ಲೋ? ಒಂದೇ ಹಸುವಿಗೋ, ಸಾಲಿನಲ್ಲಿ ಕಟ್ಟಿದ ಇನ್ನೆರಡಕ್ಕೂ ಶುರುವಾಗಿದೆಯೋ? ಬಿಸಿಲಿಗೆ ಮುಖ ಮಾಡಿದರೆ ರೆಪ್ಪೆ ಬಿಗಿಯುತ್ತದೋ? ನೋವಿರುವ ಕಣ್ಣಿನ ರೆಪ್ಪೆಗೂದಲು ಕೆಳಮುಖವಾಗಿ ಜೋತಿರುತ್ತದೆ. ಪಕ್ಕದ ಚೆನ್ನಾಗಿರುವ ಕಣ್ಣಿನ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಒಂದೇ ಕಣ್ಣಾದರೆ ಏಟು, ಕಸ, ಹುಣ್ಣು ಎಂದು ಮೊದಲು ಅನುಮಾನಿಸು. ಎರಡೂ ಕಣ್ಣಿನ ಜೊತೆಗೆ ಮೂಗೂ ಸೋರುತ್ತಿದ್ದರೆ ರೋಗ ಮೈಯಲ್ಲೆಲ್ಲೋ ಇದೆ, ಕಣ್ಣು ಅದರ ಸುದ್ದಿ ಹೇಳುತ್ತಿದೆ ಎಂದು ತಿಳಿ.

ಆಮೇಲೆ ನೆರಳಿಗೆ ಕಟ್ಟಿ ಹತ್ತಿರ ಹೋಗು. ಕಣ್ಣಿನ ಮುಂದೆ ಕೈ ಬೀಸು, ಆದರೆ ಗಾಳಿ ತಾಗಬಾರದು. ಗಾಳಿಗೆ ಕುರುಡು ಹಸುವೂ ರೆಪ್ಪೆ ಮಿಟುಕಿಸುತ್ತದೆ. ಆಗ ತಾನೇ ಹುಟ್ಟಿದ ಕರು ಮೊದಲ ಕೆಲವು ದಿನ ಇದಕ್ಕೆ ಬೆಚ್ಚದಿರಬಹುದು, ಅದಕ್ಕೆ ಗಾಬರಿಯಾಗಬೇಡ. ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೋ ನೋಡು. ಮೂಗು ಹಿಡಿದು ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದರೆ ಕಣ್ಣುಗುಡ್ಡೆ ಕೆಳಕ್ಕೆ ಸರಿದು ಬಿಳಿಭಾಗ ಅಗಲವಾಗಿ ಕಾಣುತ್ತದೆ. ಕೆಳರೆಪ್ಪೆ ಬಿಡಿಸಿ ಒಳಬಣ್ಣ ನೋಡು. ಮೂಗಿನ ಕಡೆಯ ಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದಿದೆ. ರಾಗಿ ಹೊಟ್ಟು, ಜೋಳದ ಸುಂಕು, ಹುಲ್ಲಿನ ಸಿವುರು ಬಚ್ಚಿಟ್ಟುಕೊಳ್ಳುವುದು ಅದರ ಹಿಂದೆಯೇ. ಸಡಿಲವಾಗಿದ್ದರೆ ಸಲೈನ್ ಚಿಮ್ಮಿಸಿದಾಗ ಹೊರಗೆ ಬರುತ್ತದೆ. ನಾಟಿಕೊಂಡಿದ್ದರೆ ಕೀಳಬೇಡ, ಡಾಕ್ಟರಿಗೆ ಬಿಡು.

ಹಸುಗಳಲ್ಲಿ ನೀನು ಹೆಚ್ಚು ಕಾಣಲಿರುವುದು ಪಿಂಕ್ ಐ ಎನ್ನುವ ಅಂಟುಬೇನೆಯನ್ನು. ಇದರ ಮುಖ್ಯ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಕಣ್ಣಿನ ಮುಂದೆ ಕೈಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಈ ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಸಣ್ಣ ಎಳೆಗಳಿಂದ ಅದಕ್ಕೆ ಅಂಟಿಕೊಂಡು ನಂಜು ಬಿಡುತ್ತದೆ. ಕಾರ್ನಿಯಾದ ಮೇಲ್ಪದರ ಸಾಯುತ್ತದೆ. ಆದರೆ ಬ್ಯಾಕ್ಟೀರಿಯಾ ಒಂದೇ ಸಾಲದು, ಅದಕ್ಕೆ ದಾರಿ ಮಾಡಿಕೊಡುವವರು ಬೇಕು. ಸುಡುಬಿಸಿಲು, ದೂಳು, ಮುಖಕ್ಕೆ ಚುಚ್ಚುವ ಒರಟು ಮೇವು ಕಾರ್ನಿಯಾವನ್ನು ಮೊದಲು ಕೆರೆದಿಡುತ್ತವೆ. ನೊಣ ಒಂದು ಹಸುವಿನ ಕಣ್ಣೀರು ಹೀರಿ ಇನ್ನೊಂದರ ಕಣ್ಣಿನ ಮೇಲೆ ಕೂರುತ್ತದೆ. ಕರು, ಪಡ್ಡೆಗಳಿಗೆ ಇದು ಬೇಗ ತಗಲುತ್ತದೆ. ಮುಖ ಬೆಳ್ಳಗಿದ್ದು ರೆಪ್ಪೆಯಂಚಿನಲ್ಲಿ ಕಪ್ಪು ಬಣ್ಣವಿಲ್ಲದ ಮಿಶ್ರತಳಿಗಳನ್ನು ಬಿಸಿಲು ಹೆಚ್ಚು ಕಾಡುತ್ತದೆ.

ಇದರ ನಡೆ ನೆನಪಿಡು. ಮೊದಲ ದಿನ ಬರೀ ನೀರು, ರೆಪ್ಪೆ ಮುಚ್ಚುವುದು. ಆಮೇಲೆ ಕಾರ್ನಿಯಾದ ನಡುವೆ ಸಣ್ಣ ಬಿಳಿ ಚುಕ್ಕೆ. ನಮ್ಮ ಕಡೆ ಕಣ್ಣಿಗೆ ಹೂ ಬಿತ್ತು ಎನ್ನುವುದು ಇದನ್ನೇ. ಚುಕ್ಕೆ ಅಗಲವಾಗಿ ಹುಣ್ಣಾಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ. ವಾಸಿಮಾಡುವ ನಾಳಗಳು ಅಂಚಿನಿಂದ ಒಳಕ್ಕೆ ಬೆಳೆದು ಬರಬೇಕು. ಹೊರಟ ಮೇಲೂ ಅವು ಸಾಗುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಾಗಿ ಅಂಚಿನಿಂದ ಕೆಂಪು ಗೆರೆಗಳು ಹುಣ್ಣಿನ ಕಡೆ ಹೊರಟಿದ್ದರೆ ಹೆದರಬೇಡ, ಅದು ರಿಪೇರಿಯ ಲಕ್ಷಣ. ಹುಣ್ಣು ಆಳಕ್ಕಿಳಿದು ಕಣ್ಣು ಮುಂದಕ್ಕೆ ಉಬ್ಬಿದರೆ, ಅದರ ತುದಿಯಲ್ಲಿ ಕಂದು ಬಣ್ಣದ ಗುಳ್ಳೆ ಇಣುಕಿದರೆ ಒಂದು ಗಂಟೆಯೂ ಕಾಯಬೇಡ. ಕಾರ್ನಿಯಾ ಒಡೆಯುತ್ತಿದೆ, ಇಲ್ಲವೇ ಒಡೆದಾಗಿದೆ.

ಇಲ್ಲಿ ಡಾಕ್ಟರು ಮಾಡುವ ಸಣ್ಣ ಪರೀಕ್ಷೆಯೊಂದನ್ನು ನೀನೇ ಪಕ್ಕದಲ್ಲಿ ನಿಂತು ನೋಡು. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿ. ಅದನ್ನು ಸಲೈನಿನಲ್ಲಿ ನೆನೆಸಿ ಕಣ್ಣಿಗೆ ಮುಟ್ಟಿಸಿ, ಹೆಚ್ಚಾದದ್ದನ್ನು ತೊಳೆದು, ನೀಲಿ ಟಾರ್ಚ್ ಬಿಡುತ್ತಾರೆ. ಮೇಲ್ಪದರ ಗಟ್ಟಿಯಿದ್ದರೆ ಬಣ್ಣ ಜಾರಿಹೋಗುತ್ತದೆ. ಹುಣ್ಣಿದ್ದರೆ ಆ ಜಾಗ ಗಿಳಿಹಸಿರಾಗಿ ಹೊಳೆಯುತ್ತದೆ. ತೀರಾ ಆಳಕ್ಕಿಳಿದ ಹುಣ್ಣಿನ ತಳ ಮಾತ್ರ ಬಣ್ಣ ಹಿಡಿಯುವುದಿಲ್ಲ. ಸುತ್ತ ಹಸಿರು ಬಳೆ, ನಡುವೆ ತಿಳಿ. ಅದು ಒಡೆಯುವ ಹಂತ.

ಈ ಹಸಿರು ಕಾಣುವುದು, ಕಾಣದಿರುವುದು ಚಿಕಿತ್ಸೆಯನ್ನೇ ತಿರುಗಿಸುತ್ತದೆ. ಉದಾಹರಣೆಗೆ, ಈಗ ಎಲ್ಲರೂ ಚೀಲದಲ್ಲಿ ರಸಮೇವು ತರಿಸುತ್ತೀರಿ. ಗಾಳಿಯಾಡಿ ಕೆಟ್ಟ ರಸಮೇವಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಸು ಅದರೊಳಗೆ ಮುಖ ಹುದುಗಿಸಿ ತಿಂದಾಗ ಕಣ್ಣಿಗೆ ತಗಲಿ ಒಳಗೆ ಉರಿಯೂತವಾಗುತ್ತದೆ. ಕಣ್ಣು ನೀಲಿಗಟ್ಟುತ್ತದೆ, ನೀರು ಸುರಿಯುತ್ತದೆ. ಮೇಲುನೋಟಕ್ಕೆ ಪಿಂಕ್ ಐ ಎಂದೇ ಅನಿಸುತ್ತದೆ. ಬಣ್ಣ ಹಾಕಿದರೆ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಏಕೆಂದರೆ ಹುಣ್ಣಿಲ್ಲ. ಇಂಥ ಕಣ್ಣಿಗೆ ವೈದ್ಯರು ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಕೊಡಬಹುದು. ಅದೇ ಸ್ಟೀರಾಯ್ಡ್ ಹನಿಯನ್ನು ಹುಣ್ಣಿರುವ ಕಣ್ಣಿಗೆ ಹಾಕಿದರೆ ಕಾರ್ನಿಯಾ ಕರಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಎಷ್ಟೋ ಕಣ್ಣಿನ ಹನಿಗಳಲ್ಲಿ ಇದು ಬೆರೆತಿರುತ್ತದೆ. ಡಬ್ಬಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಬಣ್ಣದ ಪರೀಕ್ಷೆಯಾಗದೆ ಒಂದು ತೊಟ್ಟೂ ಬಿಡಬೇಡ. ಕ್ಲೋರಾಂಫೆನಿಕಾಲ್ ಎಂದಿದ್ದರೆ ಹಾಲು, ಮಾಂಸ ಕೊಡುವ ಪ್ರಾಣಿಗಳಿಗೆ ಅದನ್ನು ಬಳಸುವಂತೆಯೇ ಇಲ್ಲ.

ಕೊಟ್ಟಿಗೆಯಲ್ಲಿ ಥರ್ಮಾಮೀಟರ್ ಇಟ್ಟುಕೋ. ಹಸುವಿನ ಮೈಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಣ್ಣು ಕೆಂಪಾಗಿ ಜ್ವರ ಇದಕ್ಕಿಂತ ತೀರಾ ಏರಿದ್ದರೆ ಕಣ್ಣಿನ ಹನಿಯ ಯೋಚನೆ ಬಿಡು. ಹೆಗಲ ಮುಂದಿನ ಗಡ್ಡೆ ಊದಿದೆಯೋ ಮುಟ್ಟಿ ನೋಡು. ಊದಿದ್ದು, ಮೈಮೇಲೆ ಉಣ್ಣೆಯಿದ್ದು, ಕಣ್ಣು ಉಬ್ಬಿ ನೀರಾಡುತ್ತಿದ್ದರೆ ಥೈಲೀರಿಯಾಸಿಸ್ ಇರಬಹುದು. ಮಿಶ್ರತಳಿ ಕರುಗಳನ್ನು ಬಹಳ ಬೇಗ ಕೆಡವುವ ಜ್ವರ ಅದು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದಲ್ಲೂ ಕಣ್ಣು ಬೆಳ್ಳಗಾಗುತ್ತದೆ. ಅದರ ಜೀವಾಣುವನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಪತ್ತೆಹಚ್ಚಿದ್ದು ಕುದುರೆ, ಒಂಟೆಗಳ ರಕ್ತದಲ್ಲಿ. ಇವೆರಡಕ್ಕೂ ಇಂದಿಗೂ ಮೊದಲ ಪರೀಕ್ಷೆ ರಕ್ತದ್ದೇ. ಕಿವಿಯಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉತ್ತರ ಸಿಗಬಹುದು.

ವೈರಸ್ಸುಗಳೂ ಇವೆ. ಐ.ಬಿ.ಆರ್. ಎಂಬ ಹರ್ಪಿಸ್ ಜಾತಿಯ ವೈರಸ್ ಬಂದರೆ ಕಣ್ಣಿನ ಜೊತೆ ಮೂಗು ಕೆಂಪಾಗುತ್ತದೆ, ಕೆಮ್ಮು ಬರುತ್ತದೆ, ಗಬ್ಬದ ಹಸು ಕಂದು ಹಾಕುವುದೂ ಉಂಟು. ಪಿಂಕ್ ಐನಲ್ಲಿ ಬಿಳುಪು ನಡುವಿನಿಂದ ಶುರುವಾಗುತ್ತದೆ. ಐ.ಬಿ.ಆರ್.ನಲ್ಲಿ ಹಾಗೆ ನಡುವೆ ಹುಣ್ಣಾಗುವುದಿಲ್ಲ, ಬಿಳುಪು ಬಂದರೂ ಅಂಚಿನ ಕಡೆಯಿಂದ. ಕುರಿಗಳಿಂದ ದನಗಳಿಗೆ ಬರುವ ಮಾರಕ ಕಟಾರಲ್ ಜ್ವರದಲ್ಲೂ ಎರಡೂ ಕಣ್ಣು ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತವೆ. ಅದು ಬಂದ ಹಸು ಉಳಿಯುವುದು ಅಪರೂಪ. ಬಿಳುಪು ಎಲ್ಲಿಂದ ಶುರುವಾಯಿತು ಎಂದು ಮೊದಲ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಹುಳುಗಳ ವಿಷಯ ಕೇಳಿದರೆ ನಿನಗೆ ಮೈ ಜುಂ ಎನ್ನಬಹುದು, ಆದರೂ ತಿಳಿದಿರು. ಥೆಲೇಜಿಯಾ ಎಂಬ ಹುಳು ಒಂದೆರಡು ಸೆಂಟಿಮೀಟರ್ ಉದ್ದದ ತೆಳು ಬಿಳಿ ಎಳೆ. ಮೂರನೆಯ ರೆಪ್ಪೆಯಡಿ ಇದ್ದು ಕಾರ್ನಿಯಾದ ಮೇಲೆ ಹರಿದಾಡುತ್ತದೆ. ಇದನ್ನೂ ತರುವುದು ನೊಣವೇ. ಸೆಟೇರಿಯಾದ ಕಥೆ ಬೇರೆ. ದೊಡ್ಡ ಹುಳು ದನದ ಹೊಟ್ಟೆಯ ಪೊಳ್ಳಿನಲ್ಲಿ ಹೆಚ್ಚು ತೊಂದರೆ ಕೊಡದೆ ಇರುತ್ತದೆ. ಅದರ ಮರಿಗಳನ್ನು ಸೊಳ್ಳೆ ಒಯ್ಯುತ್ತದೆ. ಕುದುರೆಗೆ ಹೊಕ್ಕರೆ ದಾರಿ ತಪ್ಪಿ ಕಣ್ಣಿನೊಳಕ್ಕೆ ಬರುವುದುಂಟು. ಕೆಲವೊಮ್ಮೆ ಮೇಕೆ, ದನಗಳಿಗೂ. ಬೆಳಕಿನಲ್ಲಿ ನೋಡಿದರೆ ಕಾರ್ನಿಯಾದ ಹಿಂದಿನ ತಿಳಿನೀರಿನಲ್ಲಿ ಬಿಳಿ ಎಳೆಯೊಂದು ಸುರುಳಿ ಬಿಚ್ಚುತ್ತ, ಮುದುರುತ್ತ ಈಜುವುದು ಬರಿಗಣ್ಣಿಗೇ ಕಾಣುತ್ತದೆ. ಮೊದಲನೆಯದು ಕಣ್ಣಿನ ಹೊರಗಿದೆ: ಮರಗಟ್ಟಿಸುವ ಹನಿ ಹಾಕಿ ತೆಗೆಯಬಹುದು, ಜಂತುನಾಶಕ ಕೊಡಬಹುದು. ಎರಡನೆಯದು ಒಳಗಿದೆ: ಎಷ್ಟು ತೊಳೆದರೂ ಹೋಗುವುದಿಲ್ಲ, ಕಾರ್ನಿಯಾದ ಅಂಚಿನಲ್ಲಿ ಚುಚ್ಚಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಬೇಕು.

ಸೋಂಕೇ ಅಲ್ಲದವೂ ಸೋಂಕಿನ ವೇಷ ಹಾಕಿ ಬರುತ್ತವೆ. ಬೇಸಿಗೆಯುದ್ದಕ್ಕೂ ಬರೀ ಒಣಹುಲ್ಲು ತಿಂದ ಹಸುವಿನಲ್ಲಿ ಎ ಜೀವಸತ್ವ ಕಡಿಮೆಯಾಗುತ್ತದೆ. ಕಣ್ಣಲ್ಲಿ ನೀರು, ಸಂಜೆಯಾದರೆ ಎಡವುವುದು, ಕೆಲವೊಮ್ಮೆ ಕುರುಡು ಕರು ಹುಟ್ಟುವುದು. ಅಲ್ಲಿ ಬೇಕಾದದ್ದು ಹಸಿರು ಮೇವು ಮತ್ತು ಜೀವಸತ್ವದ ಚುಚ್ಚುಮದ್ದು. ಬಿಳಿ ರೆಪ್ಪೆಯ ಸೀಮೆಹಸುವಿನ ಮೂರನೆಯ ರೆಪ್ಪೆಯ ಮೇಲೆ ಮಾಂಸದಂಥ ಗಂಟು ಎದ್ದು, ರಕ್ತ ಒಸರುತ್ತ, ಯಾವ ಮುಲಾಮಿಗೂ ಬಗ್ಗದಿದ್ದರೆ ಅದು ಕ್ಯಾನ್ಸರ್ ಇರಬಹುದು. ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಸಿದರೆ ಹಸು ಉಳಿಯುತ್ತದೆ. ತಿಂಗಳುಗಟ್ಟಲೆ ಹನಿ ಹಾಕುತ್ತ ಕೂತರೆ ಮೂಳೆಗಿಳಿಯುತ್ತದೆ.

ಮೇಕೆಗಳಿಗೆ ಕಣ್ಣುಬೇನೆ ಬರುವುದು ಬಹುಪಾಲು ಸಂತೆಯಿಂದ. ಮೈಕೋಪ್ಲಾಸ್ಮಾ, ಕ್ಲಮಿಡಿಯಾ ಎಂಬ ಸೂಕ್ಷ್ಮಜೀವಿಗಳು ಹೊಸದಾಗಿ ತಂದ ಒಂದು ಮೇಕೆಯಿಂದ ಇಡೀ ಹಿಂಡಿಗೆ ಹಬ್ಬುತ್ತವೆ. ತಂದದ್ದನ್ನು ಎರಡು ಮೂರು ವಾರ ಬೇರೆ ಕಟ್ಟು. ಕಣ್ಣಿನ ಗೀಜಿನ ಜೊತೆ ಮೂಗಿನ ಸಿಂಬಳ, ಬಾಯಿಹುಣ್ಣು, ಭೇದಿ ಸೇರಿದರೆ ಅದು ಪಿ.ಪಿ.ಆರ್. ಎಂದು ಶಂಕಿಸಿ ಆವತ್ತೇ ತಿಳಿಸಬೇಕು, ಅದಕ್ಕೆ ಲಸಿಕೆಯಿದೆ. ಮೇಕೆಯ ಕೆಳರೆಪ್ಪೆ ಬಿಡಿಸಿದಾಗ ಒಳಗೆ ಕೆಂಪಿನ ಬದಲು ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರಬಹುದು. ಕಣ್ಣು ನೋಡಲು ಹೋಗಿ ಹೊಟ್ಟೆಯ ರೋಗ ಸಿಕ್ಕಿತೆಂದರೆ ಅದೂ ಲಾಭವೇ.

ಕೋಳಿಯ ಮುಖ ಒಂದು ಕಡೆ ಊದಿ, ಕಣ್ಣು ಮುಚ್ಚಿ, ಮೂಗಿನಿಂದ ಕೆಟ್ಟ ವಾಸನೆ ಬಂದರೆ ಕೊರೈಜಾ. ರೆಪ್ಪೆಯ ಮೇಲೆ ಹಕ್ಕಳೆ ಕಟ್ಟಿದರೆ ಸೊಳ್ಳೆ ಹರಡುವ ಕೋಳಿ ಸಿಡುಬು. ಗೂಡು ತೆರೆದಾಗ ನಿನ್ನ ಕಣ್ಣೇ ಉರಿದರೆ ರೋಗ ಹುಡುಕಬೇಡ: ಹಿಕ್ಕೆಯ ಅಮೋನಿಯಾ ಅದು, ಗೂಡು ಬಳಿದು ಗಾಳಿ ಬಿಡು. ಕೊಕ್ಕರೆ ರೋಗದ ಲಸಿಕೆಯನ್ನು ಮರಿಗಳ ಕಣ್ಣಿಗೆ ಹನಿಸಿದ ಕೈಯಲ್ಲಿ ನಿನ್ನ ಕಣ್ಣು ಉಜ್ಜಿಕೊಳ್ಳಬೇಡ, ಆ ವೈರಸ್ಸಿನಿಂದ ಮನುಷ್ಯರಿಗೂ ಕಣ್ಣು ಕೆಂಪಾಗುತ್ತದೆ.

ನಾಯಿಮರಿಯ ಎರಡೂ ಕಣ್ಣಲ್ಲಿ ದಪ್ಪ ಗೀಜು, ಮೂಗಲ್ಲಿ ಕೀವು, ಜ್ವರ ಇದ್ದರೆ ಡಿಸ್ಟೆಂಪರ್ ನೆನಪಾಗಬೇಕು. ಮತ್ತೆ ಮತ್ತೆ ಗೀಜು ಕಟ್ಟುವ ದೊಡ್ಡ ನಾಯಿಗೆ ಕಣ್ಣೀರೇ ಒಣಗಿರಬಹುದು. ಒಂದು ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಡುತ್ತಾರೆ. 15 ಮಿಲಿಮೀಟರ್ ದಾಟಿ ಒದ್ದೆಯಾದರೆ ಸರಿ, 10ಕ್ಕಿಂತ ಕಡಿಮೆಯಾದರೆ ಒಣಗಣ್ಣು. ಈ ಪರೀಕ್ಷೆಗೆ ಮುಂಚೆ ಯಾವ ಹನಿ ಹಾಕಿದರೂ ಲೆಕ್ಕ ತಪ್ಪುತ್ತದೆ.

ಒಂದೇ ಕೊಟ್ಟಿಗೆಯಲ್ಲಿ ಹಲವಕ್ಕೆ ಬಂದರೆ, ಇಲ್ಲವೇ ಕೊಟ್ಟ ಔಷಧಿಗೆ ಬಗ್ಗದಿದ್ದರೆ, ಕಣ್ಣಿನ ಸ್ರಾವವನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ಡಾಕ್ಟರನ್ನು ಕೇಳು. ಕ್ರಿಮಿಶುದ್ಧ ಮಾಡಿದ ಹತ್ತಿಯ ಕಡ್ಡಿಯನ್ನು ಕೆಳರೆಪ್ಪೆಯ ಒಳಮಡಿಕೆಯಲ್ಲಿ ಸವರಿ ತೆಗೆಯುತ್ತಾರೆ. ರೆಪ್ಪೆಗೂದಲು ತಾಗಿದರೆ ಬೇಡದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ಹಾಕುವ ಮುಂಚೆಯೇ ತೆಗೆಯಬೇಕು, ಒಣಗದಂತೆ ತಂಪಾಗಿಟ್ಟು ಬೇಗ ತಲುಪಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ, ಪಶುವೈದ್ಯಕೀಯ ಕಾಲೇಜೂ ಇದೆ. ಯಾವ ಸೂಕ್ಷ್ಮಜೀವಿ, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿದ ಮೇಲೆ ಕೊಡುವ ಚುಚ್ಚುಮದ್ದಿಗೆ ಬೆಲೆಯಿದೆ. ಚುಚ್ಚುಮದ್ದು ಕೊಟ್ಟ ಮೇಲೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಎಂದು ಕೇಳಿ ಬರೆದಿಟ್ಟುಕೋ.

ಡಾಕ್ಟರು ಬರುವವರೆಗೆ ನೀನು ಮಾಡಬಹುದಾದದ್ದು ಇಷ್ಟು. ಹಸುವನ್ನು ನೆರಳಿಗೆ, ಬೇರೆ ಕಡೆ ಕಟ್ಟು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಶುದ್ಧ ಬಟ್ಟೆ ಅದ್ದಿ ಗೀಜು ಒರೆಸು. ಒಂದೊಂದು ಕಣ್ಣಿಗೂ ಬೇರೆ ಬಟ್ಟೆ. ಆ ಬಟ್ಟೆ ಸುಡು, ಕೈಯನ್ನು ಸೋಪಿನಿಂದ ತೊಳೆ. ರೋಗದ ಹಸುವಿನ ಹಾಲನ್ನು ಕೊನೆಗೆ ಕರೆ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ, ಪಕ್ಕದ ಮನೆಯವರು ಪ್ರೀತಿಯಿಂದಲೇ ಹೇಳಿಕೊಡುವುದರಿಂದ. ಹೊಗೆಸೊಪ್ಪು, ಎಲೆಅಡಿಕೆ ಅಗಿದು ಕಣ್ಣಿಗೆ ಉಗಿಯುವುದು ಬೇಡ. ಹರಳುಪ್ಪಿನ ಪುಡಿ, ಗಿಡದ ಹಾಲು ಬೇಡ. ಕಣ್ಣಿನ ಪಕ್ಕ ಬರೆ ಎಳೆಯುವುದಂತೂ ಬೇಡವೇ ಬೇಡ. ಇವನ್ನು ಮಾಡಿದ ಮೇಲೂ ಕೆಲವು ಕಣ್ಣು ವಾಸಿಯಾಗುವುದನ್ನು ನೀನು ನೋಡುತ್ತೀಯ. ಪಿಂಕ್ ಐ ಹಗುರವಾಗಿ ಬಂದಿದ್ದರೆ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಮಾತ್ರ ಹೊಗೆಸೊಪ್ಪಿಗೆ ಬರುತ್ತದೆ.

ಬಾರದಂತೆ ನೋಡಿಕೊಳ್ಳುವುದು ನೊಣದಿಂದ ಶುರುವಾಗಲಿ. ಬೇಸಿಗೆಯಲ್ಲಿ ನೊಣದ ಮೊಟ್ಟೆ ಏಳರಿಂದ ಹತ್ತು ದಿನದಲ್ಲಿ ಹಾರುವ ನೊಣವಾಗುತ್ತದೆ. ಸಗಣಿಯನ್ನು ದಿನಾ ಬಳಿದು, ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರವಿಟ್ಟು, ಗಂಜಲ ನಿಲ್ಲದಂತೆ ಕಾಲುವೆ ಮಾಡಿದರೆ ಆ ಸರಪಳಿ ಅರ್ಧಕ್ಕೇ ತುಂಡಾಗುತ್ತದೆ. ಒಣಹುಲ್ಲನ್ನು ತಲೆಯ ಮಟ್ಟಕ್ಕಿಂತ ಮೇಲಿಂದ ಎಳೆದು ತಿನ್ನುವ ಹಾಗೆ ಇಡಬೇಡ, ಸುಂಕು ನೇರ ಕಣ್ಣಿಗೆ ಉದುರುತ್ತದೆ. ಗೋದಲಿ ತಗ್ಗಿನಲ್ಲಿರಲಿ. ವಾಸಿಯಾದ ಹಸುವಿನ ಕಣ್ಣು, ಮೂಗಿನಲ್ಲಿ ಪಿಂಕ್ ಐ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿದಿರಬಹುದು, ಮುಂದಿನ ಬೇಸಿಗೆಗೆ ಅದರ ಮೇಲೆ ಒಂದು ಕಣ್ಣಿರಲಿ.

ದಿನಾ ಹಾಲು ಕರೆಯುವ ಮುಂಚೆ ಪ್ರತಿ ಹಸುವಿನ ಮುಖವನ್ನು ಬೆಳಕಿಗೆ ತಿರುಗಿಸಿ ಎರಡು ಕಣ್ಣನ್ನೂ ನೋಡುವ ಅಭ್ಯಾಸ ಮಾಡಿಕೋ. ನೀರು ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸು, ಇಲ್ಲವೇ 1962ಕ್ಕೆ ಫೋನ್ ಮಾಡು. ಅದು ಪಶುಗಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಯಾವ ಕಣ್ಣು, ಯಾವತ್ತಿನಿಂದ, ಬಿಳುಪು ನಡುವಿನಿಂದಲೋ ಅಂಚಿನಿಂದಲೋ, ಜ್ವರ ಎಷ್ಟು, ಏನು ಹಾಕಿದ್ದೀಯ ಎಂಬ ಐದು ಮಾತನ್ನು ಸರಿಯಾಗಿ ಹೇಳು. ಹನಿ ಯಾವುದೆಂದು ಡಾಕ್ಟರೇ ನಿರ್ಧರಿಸಲಿ, ನೀನು ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಸಾಕು.